ಶೃಂಗೇರಿ ಯಾತ್ರೆ: ಹೊರಡುವ ಮುನ್ನದಿಂದ ಘಟ್ಟ ಇಳಿಯುವವರೆಗೆ ಹಂತಹಂತವಾದ ಸಮಗ್ರ ಮಾರ್ಗದರ್ಶಿ

ಶೃಂಗೇರಿಗೆ ಹೋಗಿಬಂದವರಲ್ಲಿ ಹಲವರು ಹೇಳಿಕೊಳ್ಳುವ ನಿರಾಶೆ ಹೆಚ್ಚುಕಡಿಮೆ ಒಂದೇ ಬಗೆಯದು. ಮಧ್ಯಾಹ್ನ ಎರಡೂವರೆಗೆ ಊರು ತಲುಪಿದಾಗ ಶಾರದಾಂಬೆಯ ಸನ್ನಿಧಿಯ ಬಾಗಿಲು ಹಾಕಿತ್ತು. ತುಂಗಾ ಹೊಳೆ ದಾಟಿ, ಶೃಂಗೇರಿ ಮಠದ ಜಗದ್ಗುರುಗಳು ವಾಸಿಸುವ ನರಸಿಂಹವನಕ್ಕೆ ಹೋದರೆ ಉಡುಪಿನ ಕಾರಣಕ್ಕೆ ಗುರುಗಳ ದರ್ಶನವಾಗಲಿಲ್ಲ. ಮಗುವಿನ ಅಕ್ಷರಾಭ್ಯಾಸಕ್ಕೆಂದೇ ದೂರದಿಂದ ಬಂದಿದ್ದರೂ ಆ ದಿನದ ಸೇವೆ ಮುಗಿದುಹೋಗಿತ್ತು. ಸಂಜೆಯೊಳಗೆ ಹೊರನಾಡು ಸೇರಬೇಕೆಂಬ ಅವಸರದಲ್ಲಿ ತುಂಗೆಯ ಮೆಟ್ಟಿಲ ಮೇಲೆ ಹತ್ತು ನಿಮಿಷವೂ ಕೂರಲಾಗಲಿಲ್ಲ.

ಇವುಗಳಲ್ಲಿ ಯಾವುದೂ ದುಡ್ಡಿನ ಕೊರತೆಯಿಂದಲೋ ಅದೃಷ್ಟದ ಕೊರತೆಯಿಂದಲೋ ಆಗುವಂಥದ್ದಲ್ಲ. ಶೃಂಗೇರಿಯ ದಿನವು ಬೆಳಗಿನ ಹೊತ್ತು, ಸಂಜೆಯ ಹೊತ್ತು ಎಂದು ಎರಡು ಪಾಲಾಗಿದೆ. ನಡುವಿನ ಮಧ್ಯಾಹ್ನ ದೇವರಿಗೂ ಊರಿಗೂ ವಿಶ್ರಾಂತಿಯ ಸಮಯ. ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಿದರೆ ಉಳಿದೆಲ್ಲವೂ ತಾನಾಗಿ ಹೊಂದಿಕೊಳ್ಳುತ್ತದೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆಯಲಾಗಿದೆ.

ಹಂತ 1: ದಿನವನ್ನು ಆರಿಸಿಕೊಳ್ಳುವುದು

ಮೊದಲು ತೀರ್ಮಾನಿಸಬೇಕಾದದ್ದು ಯಾವ ದಿನ ಹೋಗಬೇಕೆಂಬುದನ್ನಲ್ಲ, ಎಷ್ಟು ಹೊತ್ತು ಅಲ್ಲಿರಬೇಕೆಂಬುದನ್ನು. ಒಂದು ರಾತ್ರಿಯಾದರೂ ಶೃಂಗೇರಿಯಲ್ಲೇ ತಂಗಬೇಕು. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ, ಉಡುಪಿ ಎಲ್ಲವನ್ನೂ ಎರಡು ದಿನದಲ್ಲಿ ಮುಗಿಸುವ ಪ್ರವಾಸಪಟ್ಟಿಯಲ್ಲಿ ಶೃಂಗೇರಿಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತು, ಅಂದರೆ ಅಲ್ಲಿ ಏನೂ ನಡೆಯದ ಹೊತ್ತು. ಅಂಥ ಪಟ್ಟಿಯಿಂದ ಒಂದೆರಡು ಕ್ಷೇತ್ರಗಳನ್ನು ಮುಂದಿನ ವರ್ಷಕ್ಕೆ ಬಿಡುವುದೇ ಲೇಸು.

ಶಾಂತವಾದ ದರ್ಶನ ಬೇಕೆನ್ನುವವರು ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಬೇಕು. ಶನಿವಾರ, ಭಾನುವಾರ, ಸಾಲುರಜೆ ಮತ್ತು ಬೇಸಿಗೆ ರಜೆಗಳಲ್ಲಿ ಜನ ಹೆಚ್ಚು. ದೇವಿಯ ವಾರವಾದ ಶುಕ್ರವಾರವೂ ಸ್ವಲ್ಪ ಹೆಚ್ಚೇ. ಶರನ್ನವರಾತ್ರಿಯಲ್ಲಿ ಶಾರದಾಂಬೆಗೆ ದಿನಕ್ಕೊಂದು ಅಲಂಕಾರವಾಗುವುದರಿಂದಲೂ ಜಗದ್ಗುರುಗಳ ದರ್ಬಾರು ನಡೆಯುವುದರಿಂದಲೂ ಊರು ತುಂಬಿರುತ್ತದೆ. ಆ ವೈಭವ ನೋಡಲೇಬೇಕೆನ್ನುವವರು ವಸತಿಯನ್ನು ಬಹಳ ಮೊದಲೇ ಗೊತ್ತುಮಾಡಿಕೊಂಡು ಹೋಗಲಿ; ಮೌನ ಹುಡುಕಿಕೊಂಡು ಹೋಗುವವರು ಆ ವಾರ ಬಿಟ್ಟುಬಿಡಲಿ.

ಹವೆಯ ದೃಷ್ಟಿಯಿಂದ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಎಲ್ಲರಿಗೂ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ ತನ್ನ ಪೂರ್ಣ ಬಲದಲ್ಲಿರುತ್ತದೆ. ಮಳೆಗಾಲದ ಶೃಂಗೇರಿ ಬಹಳ ಸುಂದರ ಎಂಬುದು ನಿಜವಾದರೂ ವೃದ್ಧರನ್ನು ಮತ್ತು ಎಳೆಯ ಮಕ್ಕಳನ್ನು ಕರೆದೊಯ್ಯುವವರಿಗೆ ಜುಲೈ, ಆಗಸ್ಟ್ ತಿಂಗಳುಗಳು ಸೂಕ್ತವಲ್ಲವೆಂದು ಖಚಿತವಾಗಿ ಹೇಳಬಯಸುತ್ತೇನೆ.

ಗುರುದರ್ಶನವೇ ಮುಖ್ಯ ಉದ್ದೇಶವಾಗಿದ್ದರೆ ಇನ್ನೊಂದು ಪರಿಶೀಲನೆ ಅಗತ್ಯ. ಜಗದ್ಗುರುಗಳು ವಿಜಯಯಾತ್ರೆಯ ಮೇಲೆ ಬೇರೆ ಊರುಗಳಲ್ಲಿ ಬಿಡಾರ ಮಾಡಿರಬಹುದು. ಮಠದ ಅಧಿಕೃತ ಜಾಲತಾಣದಲ್ಲಿ ಯಾತ್ರೆಯ ವಿವರ ಪ್ರಕಟವಾಗುತ್ತದೆ; ಟಿಕೆಟ್ ಕಾಯ್ದಿರಿಸುವ ಮುನ್ನ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಬೇಕು.

ಹಂತ 2: ವಸತಿಯನ್ನು ಖಚಿತಪಡಿಸಿಕೊಳ್ಳುವುದು

ಮಠದ ಯಾತ್ರಿನಿವಾಸಗಳು ದೇವಾಲಯಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿವೆ, ಸರಳವಾಗಿವೆ, ಶುಚಿಯಾಗಿವೆ. ಕೊಠಡಿಗಾಗಿ ಮಠದ ಅಧಿಕೃತ ಜಾಲತಾಣವನ್ನೋ ಮಠದ ಕಚೇರಿಯನ್ನೋ ಮಾತ್ರ ಸಂಪರ್ಕಿಸಿ. ತೀರ್ಥಕ್ಷೇತ್ರಗಳ ಹೆಸರಿನಲ್ಲಿ ನಕಲಿ ಬುಕಿಂಗ್ ಪುಟಗಳನ್ನು ತೆರೆದು ಮುಂಗಡ ಕೀಳುವ ವಂಚನೆ ಈಗ ಎಲ್ಲೆಡೆ ನಡೆಯುತ್ತಿದೆ. ಯಾರದೋ ಖಾಸಗಿ ಮೊಬೈಲ್ ಸಂಖ್ಯೆಗೆ ಯುಪಿಐ ಮೂಲಕ ಪೂರ್ತಿ ಹಣ ಕಳುಹಿಸಿರೆಂದು ಒತ್ತಾಯಿಸುವುದು, ರಸೀದಿಯ ಬದಲು ವಾಟ್ಸ್ಆ್ಯಪ್ ಚಿತ್ರ ಕಳುಹಿಸುವುದು, ‘ಇನ್ನೊಂದೇ ಕೊಠಡಿ ಉಳಿದಿದೆ’ ಎಂದು ಆತುರಪಡಿಸುವುದು ಇವೆಲ್ಲ ಕೂಡಲೇ ಹಿಂದೆ ಸರಿಯಬೇಕಾದ ಸೂಚನೆಗಳು.

ಕೊಠಡಿ ಪಡೆಯುವಾಗ ಗುರುತಿನ ಚೀಟಿ ಕೇಳುತ್ತಾರಾದ್ದರಿಂದ ಆಧಾರ್ ಕಾರ್ಡನ್ನು ಮನೆಯಲ್ಲಿ ಬಿಟ್ಟು ಬರಬಾರದು. ಮಂಡಿನೋವಿನವರಿದ್ದರೆ ನೆಲಮಹಡಿಯ ಕೊಠಡಿಯನ್ನು ಮೊದಲೇ ಕೇಳಬೇಕು. ಬಂದ ಮೇಲೆ ಕೇಳಿದರೆ ಸಿಗುವ ಭರವಸೆಯಿಲ್ಲ.

ಹಂತ 3: ಚೀಲಕ್ಕೆ ಹಾಕಿಕೊಳ್ಳಬೇಕಾದದ್ದು

ಗಂಡಸರಿಗೆ ಪಂಚೆ ಮತ್ತು ಶಲ್ಯ. ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣ, ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ನರಸಿಂಹವನದಲ್ಲಿ ಗುರುಗಳ ದರ್ಶನಕ್ಕೆ ಪುರುಷರು ಪಂಚೆಯುಟ್ಟು, ಅಂಗಿ ಬನಿಯನ್ ತೆಗೆದು, ಶಲ್ಯ ಹೊದ್ದು ಹೋಗಬೇಕು. ಹೆಣ್ಣುಮಕ್ಕಳಿಗೆ ಸೀರೆ ಅತ್ಯುತ್ತಮ; ದುಪಟ್ಟಾ ಸಹಿತವಾದ ಚೂಡಿದಾರವೂ ನಡೆಯುತ್ತದೆ. ಜೀನ್ಸ್, ಟೀ ಶರ್ಟ್, ಬರ್ಮುಡಾಗಳು ಪ್ರಯಾಣಕ್ಕಷ್ಟೇ ಇರಲಿ. ಹದಿಹರೆಯದ ಹುಡುಗರಿಗೂ ಒಂದು ಚಿಕ್ಕ ಪಂಚೆ ಇಟ್ಟುಕೊಳ್ಳುವುದನ್ನು ಮನೆಯವರು ಮರೆಯುತ್ತಾರೆ.

ಉಳಿದಂತೆ ಸುಲಭವಾಗಿ ಕಳಚಿ ಹಾಕಬಹುದಾದ ಚಪ್ಪಲಿ, ಟಾರ್ಚು, ನಿತ್ಯ ಸೇವಿಸುವ ಔಷಧಿ, ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರಿಗೆ ಅದರ ಮಾತ್ರೆ, ಸ್ವಲ್ಪ ನಗದು. ಮಳೆಗಾಲದಲ್ಲಿ ಛತ್ರಿಯ ಜತೆಗೆ ಒಂದು ಜತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪ್ರತ್ಯೇಕವಾಗಿಡಿ. ಅಲ್ಲಿ ಒಗೆದ ಪಂಚೆ ಒಂದು ದಿನದಲ್ಲಿ ಒಣಗುವುದಿಲ್ಲ.

ಹಂತ 4: ದಾರಿಯನ್ನು ನಿರ್ಧರಿಸುವುದು

ಶೃಂಗೇರಿಗೆ ರೈಲಿಲ್ಲ. ಬೆಂಗಳೂರಿನಿಂದ ಸುಮಾರು 320 ಕಿ.ಮೀ. ದೂರ, ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವಕ್ಕೆ ಇಳಿಯಬಹುದು. ರೈಲಿನಲ್ಲಿ ಬರುವವರು ಶಿವಮೊಗ್ಗದಲ್ಲೋ ಕಡೂರಿನಲ್ಲೋ ಉಡುಪಿಯಲ್ಲೋ ಇಳಿದು ಬಸ್ಸು ಹಿಡಿಯಬೇಕಾಗುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ಮಾರ್ಗವಾಗಿ ಸುಮಾರು 100 ಕಿ.ಮೀ. ಆಗುತ್ತದೆ. ವಿಮಾನದಲ್ಲಿ ಬರುವವರಿಗೆ ಮಂಗಳೂರು ಮತ್ತು 2023ರಲ್ಲಿ ಆರಂಭವಾದ ಶಿವಮೊಗ್ಗ ನಿಲ್ದಾಣಗಳು ಹತ್ತಿರ.

ಕರಾವಳಿಯಿಂದ ಘಟ್ಟ ಹತ್ತುವವರಿಗೆ ಎರಡು ದಾರಿಗಳಿವೆ. ಉಡುಪಿಯಿಂದ ಬರುವವರು ಹೆಬ್ರಿಯ ಮೂಲಕ ಆಗುಂಬೆ ಘಾಟಿ ಹತ್ತುತ್ತಾರೆ. ಇದು ಕಡಿದಾದ, ಇಕ್ಕಟ್ಟಾದ ಸುತ್ತುಗಳ ರಸ್ತೆ. ಮಳೆಗಾಲದಲ್ಲಿ ಭಾರಿ ವಾಹನಗಳ ಸಂಚಾರವನ್ನು ಇಲ್ಲಿ ಜಿಲ್ಲಾಡಳಿತ ನಿಷೇಧಿಸುವುದುಂಟು. ದೊಡ್ಡ ಬಸ್ಸು ಬಾಡಿಗೆಗೆ ಮಾಡಿಕೊಂಡು ತಂಡವಾಗಿ ಹೊರಟವರು ಘಾಟಿಯ ಬುಡಕ್ಕೆ ಬಂದ ಮೇಲೆ ಈ ಆದೇಶದ ವಿಷಯ ತಿಳಿದು, ಸುತ್ತುಬಳಸಿ ಹೋಗಿ ಇಡೀ ಬೆಳಗನ್ನು ಕಳೆದುಕೊಳ್ಳುತ್ತಾರೆ. ಹೊರಡುವ ಮುನ್ನ ಅಂದಿನ ಸ್ಥಿತಿಯನ್ನು ವಿಚಾರಿಸುವುದು ಚಾಲಕನ ಕೆಲಸವೆಂದು ಬಿಡದೆ ತಂಡದ ಹಿರಿಯರೊಬ್ಬರು ಹೊಣೆ ಹೊರಬೇಕು.

ಎರಡನೆಯದು ಕಾರ್ಕಳ, ಬಜಗೋಳಿ, ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ), ಕೆರೆಕಟ್ಟೆಯ ಮೂಲಕ ಬರುವ ದಾರಿ. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೆ ಹಾದುಬರುವುದರಿಂದ ನಡುವೆ ಗಾಡಿ ನಿಲ್ಲಿಸಿ ಊಟದ ಬುತ್ತಿ ಬಿಚ್ಚುವುದು, ಕಸ ಎಸೆಯುವುದು, ತೊರೆಗಿಳಿಯುವುದು ಸಲ್ಲದು. ಕತ್ತಲಾಗುವ ಮುಂಚೆಯೇ ಕಾಡು ದಾಟಿಬಿಡಬೇಕು. ಎರಡೂ ದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಆಗಾಗ ಕಡಿದುಹೋಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಪೆಟ್ರೋಲನ್ನು ಘಟ್ಟದ ಕೆಳಗೇ ತುಂಬಿಸಿಕೊಳ್ಳಿ.

ಹಂತ 5: ತಲುಪಿದ ದಿನದ ಸಂಜೆ

ಹೊರಡುವ ಊರು ಯಾವುದೇ ಇರಲಿ, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಶೃಂಗೇರಿ ಸೇರುವಂತೆ ಲೆಕ್ಕ ಹಾಕಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಕ್ರಮ. ದೇವಾಲಯವು ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ತೆರೆದಿದ್ದು, ಸಂಜೆ ನಾಲ್ಕೈದರ ಹೊತ್ತಿಗೆ ಮತ್ತೆ ತೆರೆದು ರಾತ್ರಿ 9ರವರೆಗೆ ಇರುತ್ತದೆ. ಹಬ್ಬ ಮತ್ತು ಗ್ರಹಣದ ದಿನಗಳಲ್ಲಿ ಈ ಸಮಯ ಬದಲಾಗುತ್ತದೆ. ಕೊಠಡಿ ಪಡೆದು, ಸ್ನಾನ ಮುಗಿಸಿ, ಬಾಗಿಲು ತೆರೆಯುವ ಹೊತ್ತಿಗೆ ನಡೆದುಹೋದರೆ ಪ್ರಯಾಣದ ದಣಿವೂ ಇಳಿದಿರುತ್ತದೆ.

ಸಂಜೆಯ ಮೊದಲ ಕೆಲಸ ದರ್ಶನವಲ್ಲ, ಸೇವಾ ಕೌಂಟರಿನಲ್ಲಿ ವಿಚಾರಿಸುವುದು. ಮರುದಿನದ ಅಕ್ಷರಾಭ್ಯಾಸ ಎಷ್ಟು ಹೊತ್ತಿಗೆ, ಕುಂಕುಮಾರ್ಚನೆಯ ರಸೀದಿಯನ್ನು ಎಲ್ಲಿ ಮಾಡಿಸಬೇಕು, ಗುರುದರ್ಶನ ನಾಳೆ ಉಂಟೇ, ಇದ್ದರೆ ಯಾವಾಗ ಎಂಬ ನಾಲ್ಕು ಉತ್ತರಗಳು ಕೈಯಲ್ಲಿದ್ದರೆ ಬೆಳಗಿನ ಅರ್ಧ ಗೊಂದಲ ಕಳೆದಂತೆ. ಅವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಶಾರದಾಂಬೆಯ ಎದುರು ನಿಂತು ಮಹಾಮಂಗಳಾರತಿಯವರೆಗೆ ಕಾಯಬಹುದು. ವಾರದ ನಡುವಿನ ಸಂಜೆಗಳಲ್ಲಿ ಅಲ್ಲಿ ಕುಳಿತುಕೊಳ್ಳಲು ಸಿಗುವ ನೆಮ್ಮದಿ ಹಗಲಿನಲ್ಲಿ ಸಿಗಲಾರದು. ರಾತ್ರಿಯ ಅನ್ನಪ್ರಸಾದ ಬೇಗನೆ ಮುಗಿಯುತ್ತದೆ, ಭಾರತೀ ಬೀದಿಯ ಹೋಟೆಲುಗಳೂ ತಡರಾತ್ರಿಯವರೆಗೆ ತೆರೆದಿರುವುದಿಲ್ಲ. ಆದ್ದರಿಂದ ಊಟವನ್ನು ಮುಂದೂಡಬೇಡಿ.

ಹಂತ 6: ಹೊಳೆಗೆ ಇಳಿಯುವ ಮುನ್ನ

ಬೆಳಿಗ್ಗೆ ಎದ್ದೊಡನೆ ಎಲ್ಲರ ಮನಸ್ಸೂ ತುಂಗೆಯ ಕಡೆಗೆ ಎಳೆಯುತ್ತದೆ. ಈ ಹಂತವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಯಾತ್ರೆಯಲ್ಲಿ ಸರಿಪಡಿಸಲಾಗದ ತಪ್ಪು ನಡೆಯಬಹುದಾದ ಜಾಗ ಇದೊಂದೇ.

ಸ್ನಾನವನ್ನು ಕೊಠಡಿಯಲ್ಲೇ ಮುಗಿಸಿ ಬನ್ನಿ. ಹೊಳೆಯಲ್ಲಿ ಮೆಟ್ಟಿಲ ಮೇಲೆ ನಿಂತು ಕಾಲು ತೊಳೆದು, ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಮೆಟ್ಟಿಲುಗಳಾಚೆ ಕಲ್ಲು ಬಂಡೆಗಳ ನಡುವೆ ಆಳವಾದ ಗುಂಡಿಗಳಿವೆ. ಮೇಲಿನಿಂದ ನೋಡಿದರೆ ಅವುಗಳ ಆಳ ತಿಳಿಯುವುದಿಲ್ಲ. ಈಜು ಬಲ್ಲವರೇ ಇಂಥಲ್ಲಿ ಮೈಮರೆಯುವುದು ಹೆಚ್ಚು. ಪಾಚಿ ಕಟ್ಟಿದ ಕೊನೆಯ ಮೆಟ್ಟಿಲುಗಳಲ್ಲಿ ಮಕ್ಕಳ ಕೈ ಬಿಡಬಾರದು.

ತುಂಗೆಯ ಇನ್ನೊಂದು ಗುಣವನ್ನು ಹೊರಗಿನವರು ಅರಿಯರು. ಶೃಂಗೇರಿಯಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಕೆರೆಕಟ್ಟೆ, ನೆಮ್ಮಾರಿನ ಕಡೆ ಮಳೆ ಸುರಿದರೆ ಇಲ್ಲಿ ಹೊಳೆ ಏರುತ್ತದೆ. ಆದ್ದರಿಂದ ತಲೆಯ ಮೇಲಿನ ಆಕಾಶವನ್ನು ನೋಡಿ ನದಿಯನ್ನು ಅಂದಾಜು ಮಾಡುವುದು ತಪ್ಪು. ನೋಡಬೇಕಾದದ್ದು ನೀರನ್ನೇ. ಮೀನುಗಳು ಸ್ಪಷ್ಟವಾಗಿ ಕಾಣುವಷ್ಟು ತಿಳಿಯಾಗಿದ್ದ ನೀರು ಕೆಂಪುಮಣ್ಣಿನ ಬಣ್ಣಕ್ಕೆ ತಿರುಗುವುದು, ತರಗೆಲೆ ಮತ್ತು ಕಡ್ಡಿಗಳು ತೇಲಿಬರುವುದು, ನೊರೆ ಕಾಣಿಸುವುದು, ಸ್ವಲ್ಪ ಹೊತ್ತಿನ ಹಿಂದೆ ಒಣಗಿದ್ದ ಮೆಟ್ಟಿಲು ಒದ್ದೆಯಾಗಿರುವುದು ಇವುಗಳಲ್ಲಿ ಒಂದು ಕಂಡರೂ ಎಲ್ಲರನ್ನೂ ಮೇಲಕ್ಕೆ ಕರೆದುಬಿಡಿ. ಹೆಡೆಯೆತ್ತಿದ ಸರ್ಪವು ಪ್ರಸವವೇದನೆಯ ಕಪ್ಪೆಗೆ ನೆರಳಾದ ಕಥೆಯನ್ನು ನೆನಪಿಸುವ ಕಪ್ಪೆಶಂಕರದ ಪುಟ್ಟ ಗುಡಿ ನದಿಯ ಅಂಚಿನಲ್ಲೇ ಇದೆ. ಊರಿನವರಿಗೆ ಅದೇ ಪ್ರವಾಹದ ಅಳತೆಗೋಲು: ಕಪ್ಪೆಶಂಕರ ಮುಳುಗಿತೆಂದರೆ ಹೊಳೆಯ ಹತ್ತಿರ ಹೋಗುವಂತಿಲ್ಲ. ನದಿಯ ಪಕ್ಕದ ಗಾಂಧಿ ಮೈದಾನಕ್ಕೂ ಅಂಥ ದಿನಗಳಲ್ಲಿ ನೀರು ನುಗ್ಗುತ್ತದೆ. ಮಳೆಗಾಲದಲ್ಲಿ ಕಾರನ್ನು ಅಲ್ಲಿ ರಾತ್ರಿಯಿಡೀ ನಿಲ್ಲಿಸದೆ ಎತ್ತರದ ಜಾಗಕ್ಕೆ ಒಯ್ಯಬೇಕು.

‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತನ್ನು ನಂಬಿ ಹೊಳೆಯ ನೀರನ್ನು ಬೊಗಸೆಯಲ್ಲಿ ಕುಡಿಯುವವರನ್ನು ಈಗಲೂ ಕಾಣುತ್ತೇವೆ. ತೀರ್ಥವೆಂದು ಹನಿ ಬಾಯಿಗೆ ಹಾಕಿಕೊಳ್ಳುವುದು ಬೇರೆ, ಬಾಯಾರಿಕೆಗೆ ಕುಡಿಯುವುದು ಬೇರೆ. ಕುಡಿಯುವ ನೀರು ಬಾಟಲಿಯಲ್ಲಿರಲಿ. ಇಲ್ಲಿನ ಮೀನುಗಳನ್ನು ದೇವರ ಮೀನುಗಳೆಂದೇ ಕಾಯುತ್ತಾರೆ, ಹಿಡಿಯುವಂತಿಲ್ಲ. ಮಂಡಕ್ಕಿ ಹಾಕುವವರು ಅದರ ಪ್ಲಾಸ್ಟಿಕ್ ಕವರನ್ನು ಜೇಬಿಗೆ ಸೇರಿಸಿಕೊಳ್ಳಬೇಕು. ಬಿಸ್ಕತ್ತು, ಚಿಪ್ಸು, ಉಳಿದ ತಿಂಡಿಗಳನ್ನು ಎಸೆಯುವುದಾಗಲಿ ಸೋಪು ಶಾಂಪೂ ಬಳಸುವುದಾಗಲಿ ಆ ಜೀವಗಳಿಗೆ ಮಾಡುವ ದ್ರೋಹ.

ಹಂತ 7: ಬೆಳಗಿನ ದರ್ಶನದ ಕ್ರಮ

ಏಳು ಗಂಟೆಯೊಳಗೆ ಶಾರದಾಂಬೆಯ ಸನ್ನಿಧಿಯಲ್ಲಿರಿ. ಅಕ್ಷರಾಭ್ಯಾಸವಿದ್ದರೆ ಮೊದಲು ರಸೀದಿ, ಆಮೇಲೆ ದರ್ಶನ. ಎರಡರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಈ ಸೇವೆ ಮಾಡಿಸುವುದು ರೂಢಿ. ಮಗುವಿಗೆ ಹಾಲೋ ಇಡ್ಲಿಯೋ ಕೊಟ್ಟು, ನಿದ್ದೆ ಮುಗಿಸಿ ಕರೆತನ್ನಿ. ಹಸಿದ ಮಗು ಸ್ಲೇಟಿನ ಮೇಲೆ ಬೆರಳಿಡಲೊಪ್ಪದೆ ಅತ್ತು ಮನೆಯವರೆಲ್ಲ ಕಂಗಾಲಾಗುವ ದೃಶ್ಯ ಅಲ್ಲಿ ಬಹಳ ಸಾಮಾನ್ಯ. ಹೊಸದಾಗಿ ಕೊಂಡ ಚುಚ್ಚುವ ರೇಷ್ಮೆಯ ಬದಲು ಮೆತ್ತನೆಯ ಹತ್ತಿ ಬಟ್ಟೆ ತೊಡಿಸಿ.

ಅಲ್ಲಿಂದ ಪಕ್ಕದ ವಿದ್ಯಾಶಂಕರ ದೇವಾಲಯಕ್ಕೆ ಹೋಗಬೇಕು. ಎತ್ತರದ ಜಗತಿಯ (ಕಲ್ಲಿನ ಕಟ್ಟೆಯ) ಮೇಲಿರುವ ಈ ಗುಡಿಯ ಹೊರಸುತ್ತನ್ನು ಬಿಸಿಲೇರುವ ಮುನ್ನವೇ ಮುಗಿಸುವುದು ಜಾಣತನ, ಏಕೆಂದರೆ ಹತ್ತೂವರೆಯ ನಂತರ ಬರಿಗಾಲಿಗೆ ಕಲ್ಲು ಸುಡುತ್ತದೆ. ಮಳೆಯಲ್ಲಿ ಅದೇ ಕಲ್ಲು ಜಾರುತ್ತದೆ. ಒಳಗಿನ, ಹನ್ನೆರಡು ರಾಶಿಗಳನ್ನು ಸೂಚಿಸುವ 12 ರಾಶಿಕಂಬಗಳನ್ನು ಒಂದೊಂದಾಗಿ ನೋಡಿ. ಆ ಕಂಬಗಳಲ್ಲಿ ಕೆತ್ತಿದ ಸಿಂಹಗಳ ಬಾಯಲ್ಲಿರುವ ಕಲ್ಲಿನ ಗುಂಡುಗಳನ್ನು ತಿರುಗಿಸಿ ನೋಡುವ ಚಪಲ ಬೇಡ. ಗರ್ಭಗುಡಿಗಳ ಬಳಿ ಫೋಟೊ ತೆಗೆಯಬಾರದು. ಮೊಬೈಲನ್ನು ಸದ್ದು ಅಡಗಿಸಿ ಚೀಲದೊಳಗಿಟ್ಟರೆ ಯಾರೂ ಗದರಬೇಕಾದ ಪ್ರಸಂಗ ಬರುವುದಿಲ್ಲ.

ತೋರಣಗಣಪತಿ, ಶಂಕರಾಚಾರ್ಯ, ಜನಾರ್ದನ ಮುಂತಾದ ಚಿಕ್ಕ ಸನ್ನಿಧಿಗಳು ಇದೇ ಪ್ರಾಕಾರದಲ್ಲಿವೆ. ಇವನ್ನು ಅವಸರದಲ್ಲಿ ಸುತ್ತುವುದಕ್ಕಿಂತ ಎರಡು ಮೂರರ ಮುಂದೆ ನಿಂತು ಕೈಮುಗಿಯುವುದು ಮೇಲು. ಊರಿನ ನಡುವಿನ ಗುಡ್ಡದ ಮೇಲಿರುವ ಮಲಹಾನಿಕರೇಶ್ವರ ದೇವಾಲಯವನ್ನು ಸಂಜೆಗೆ ಉಳಿಸಿಕೊಳ್ಳಬಹುದು.

ಹಂತ 8: ಸೇತುವೆ ದಾಟಿ ನರಸಿಂಹವನಕ್ಕೆ

ಹತ್ತು ಗಂಟೆಯ ಸುಮಾರಿಗೆ ವಿದ್ಯಾತೀರ್ಥ ಸೇತುವೆಯ ಮೇಲೆ ನಡೆದು ಆಚೆ ದಡ ಸೇರಿ. ಪಂಚೆ ಶಲ್ಯದಲ್ಲೇ ಇರುವುದರಿಂದ ಬಟ್ಟೆ ಬದಲಿಸಲು ಕೊಠಡಿಗೆ ಮರಳಬೇಕಾಗಿಲ್ಲ. ಬೆಳಗಿನಿಂದಲೇ ಆ ಉಡುಪಿನಲ್ಲಿರಬೇಕೆನ್ನುವುದು ಇದಕ್ಕಾಗಿ. ಒಂದಿಷ್ಟು ಹಣ್ಣು, ಹೂವು ಹಿಡಿದು ಹೋಗುವುದು ಸಂಪ್ರದಾಯ. ಬರಿಗೈಯಲ್ಲಿ ಗುರುಗಳ ಮುಂದೆ ನಿಲ್ಲುವ ಪದ್ಧತಿಯಿಲ್ಲ.

ಸಾಲಿನಲ್ಲಿ ಮಾತು ಕಡಿಮೆಯಿರಲಿ. ಗುರುಗಳಲ್ಲಿ ನಿವೇದಿಸಿಕೊಳ್ಳಬೇಕಾದದ್ದೇನಾದರೂ ಇದ್ದರೆ ಅದನ್ನು ಒಂದೆರಡು ವಾಕ್ಯಗಳಲ್ಲಿ ಮನಸ್ಸಿನಲ್ಲಿ ಸಿದ್ಧಪಡಿಸಿಕೊಳ್ಳಿ. ಗುರುಗಳನ್ನು ಮುಟ್ಟಬಾರದು, ದೂರದಿಂದಲೇ ನಮಸ್ಕರಿಸಬೇಕು. ಫಲಮಂತ್ರಾಕ್ಷತೆ ಪಡೆದೊಡನೆ ಹಿಂದಿನವರಿಗೆ ಜಾಗ ಬಿಡಬೇಕು. ಅಂದು ದರ್ಶನವಿಲ್ಲವೆಂದು ಸಿಬ್ಬಂದಿ ಹೇಳಿದರೆ ವಾದಕ್ಕಿಳಿಯದೆ, ಹಿಂದಿನ ಗುರುಗಳ ಅಧಿಷ್ಠಾನಗಳಿಗೆ (ಸಮಾಧಿಗಳಿಗೆ) ನಮಸ್ಕರಿಸಿ ಆ ತೋಟದ ನೆರಳಿನಲ್ಲಿ ಸ್ವಲ್ಪ ಹೊತ್ತು ಮೌನವಾಗಿ ಕೂರಬಹುದು. ನನ್ನ ದೃಷ್ಟಿಯಲ್ಲಿ ಶೃಂಗೇರಿಯಲ್ಲಿ ಅತ್ಯಂತ ಪ್ರಶಾಂತವಾದ ತಾಣ ಅದೇ. ಆದರೂ ಹೆಚ್ಚಿನವರು ಸೇತುವೆಯ ಮೇಲೆ ಸೆಲ್ಫಿ ತೆಗೆದುಕೊಂಡು ಹಿಂದಿರುಗುತ್ತಾರೆ.

ಹಂತ 9: ಅನ್ನಪ್ರಸಾದ ಮತ್ತು ಮಧ್ಯಾಹ್ನ

ಹನ್ನೆರಡೂವರೆಯಿಂದ ಒಂದರೊಳಗೆ ಭೋಜನಶಾಲೆಗೆ ಹೋಗಿ. ಪಂಕ್ತಿ ತುಂಬಿದ್ದರೆ ಮುಂದಿನ ಪಂಕ್ತಿಯವರೆಗೆ ಕಾಯಬೇಕಾದೀತು. ಬೇಕಾದಷ್ಟೇ ಬಡಿಸಿಕೊಳ್ಳಿ, ಸಾಕೆನಿಸಿದಾಗ ಬಡಿಸುವವರು ಹತ್ತಿರ ಬರುವ ಮುನ್ನವೇ ಕೈ ತೋರಿಸಿ, ಏಕೆಂದರೆ ಸೌಟು ಬಹಳ ವೇಗವಾಗಿ ಸಾಗುತ್ತದೆ. ನೆಲದ ಮೇಲೆ ಕೂರಲಾಗದವರು ಮೇಜಿನ ವ್ಯವಸ್ಥೆಯನ್ನು ಮೊದಲೇ ಕೇಳಿಕೊಳ್ಳಬೇಕು.

ಊಟದ ಬಳಿಕ ಕೊಠಡಿಯಲ್ಲಿ ಮಲಗಿ. ಈ ಹೊತ್ತಿನಲ್ಲಿ ಏನನ್ನಾದರೂ ‘ಕವರ್’ ಮಾಡಲೇಬೇಕೆಂಬ ಹಟವೇ ಯಾತ್ರೆಯನ್ನು ದಣಿವಾಗಿಸುವುದು.

ಹಂತ 10: ಕಿಗ್ಗ, ಮತ್ತು ಹೊರಡುವ ದಾರಿ

ಹೊರಡುವ ದಿನ ಬೆಳಿಗ್ಗೆ ಸಮಯವಿದ್ದರೆ ಸುಮಾರು 10 ಕಿ.ಮೀ. ದೂರದ ಕಿಗ್ಗಕ್ಕೆ ಹೋಗಿಬರಬಹುದು. ಮಳೆ ಬಾರದಿದ್ದರೂ ಅತಿಯಾದರೂ ಜನ ಮೊರೆಹೋಗುವ ಋಷ್ಯಶೃಂಗೇಶ್ವರನ ಸನ್ನಿಧಿ ಅಲ್ಲಿದೆ. ಅಲ್ಲಿಂದ ಮುಂದಿರುವ ಸಿರಿಮನೆ ಜಲಪಾತದಲ್ಲಿ ಮಳೆಗಾಲದಲ್ಲಿ ನೀರಿನ ಬುಡಕ್ಕೆ ಹೋಗಬೇಡಿ. ಉಂಬಳಗಳು (ಜಿಗಣೆಗಳು) ಕಾಲಿಗೆ ಹತ್ತಿದರೆ ಕಿತ್ತೆಳೆಯದೆ ಉಪ್ಪನ್ನೋ ಸುಣ್ಣವನ್ನೋ ತಾಗಿಸಿ ಬಿಡಿಸಿ. ನರಸಿಂಹ ಪರ್ವತದ ಚಾರಣವನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಆರಂಭಿಸುವಂತಿಲ್ಲ; ಯಾತ್ರೆಯ ನಡುವೆ ತೂರಿಸುವ ಕೆಲಸವೂ ಅದಲ್ಲ.

ಹೊರನಾಡಿಗೆ ಹೋಗುವವರು ಕಾಫಿತೋಟಗಳ ನಡುವಿನ ತಿರುವುಮುರುವಾದ ರಸ್ತೆಯಲ್ಲಿ ಸುಮಾರು ಎರಡು ಗಂಟೆ ಹಿಡಿಯುತ್ತದೆಂದು ಲೆಕ್ಕವಿಟ್ಟುಕೊಳ್ಳಿ. ಕರಾವಳಿಗೆ ಇಳಿಯುವವರು ಮಧ್ಯಾಹ್ನ ಊಟ ಮುಗಿಸಿ ಕೂಡಲೇ ಹೊರಟರೆ ಬೆಳಕಿರುವಾಗಲೇ ಘಟ್ಟ ಇಳಿಯಬಹುದು. ಮಳೆಗಾಲದಲ್ಲಿ ರಸ್ತೆಯ ಮೇಲೆ ಸಣ್ಣ ಕಲ್ಲುಗಳು ಉರುಳಿಬಿದ್ದಿರುವುದು, ಗುಡ್ಡದ ಬದಿಯಿಂದ ಕೆಂಪು ನೀರು ಹೊಸದಾಗಿ ಇಳಿಯುತ್ತಿರುವುದು, ಮರಗಳು ರಸ್ತೆಯ ಕಡೆಗೆ ವಾಲಿರುವುದು ಕಂಡರೆ ಆ ತಿರುವಿನಲ್ಲಿ ನಿಲ್ಲಬೇಡಿ. ಸುರಕ್ಷಿತವಾಗಿ ತಿರುಗಿಸಲು ಆಗುವಲ್ಲಿ ವಾಹನವನ್ನು ತಿರುಗಿಸಿ ಮೇಲಿನ ಊರಿಗೆ ಮರಳಿ, ಇನ್ನೊಂದು ರಾತ್ರಿ ಅಲ್ಲೇ ತಂಗಿ. ಅದಕ್ಕಾಗಿ ಮರುಪ್ರಯಾಣದ ರೈಲು ಅಥವಾ ವಿಮಾನದ ಟಿಕೆಟನ್ನು ಶೃಂಗೇರಿ ಬಿಡುವ ದಿನಕ್ಕೇ ಇಟ್ಟುಕೊಳ್ಳದೆ, ಮಳೆಗಾಲದಲ್ಲಿ ಒಂದು ದಿನದ ಅಂತರ ಇರಿಸಿಕೊಂಡೇ ಕಾಯ್ದಿರಿಸಬೇಕು.